ಖಿನ್ನತೆಯ ಮಾತ್ರೆ: ಶುರು ಮಾಡಿದ್ದು, ಏರಿಸಿದ್ದು, ಬಿಟ್ಟಿದ್ದು

ಖಿನ್ನತೆ, ಆತಂಕ ಎರಡೂ ಒಟ್ಟಿಗೇ ಕಾಡುತ್ತಿದ್ದಾಗ ನಾನು ಸರ್ಟ್ರಲಿನ್ ಎಂಬ ಮಾತ್ರೆ ತೆಗೆದುಕೊಂಡೆ. ವರ್ಷದ ಮೇಲೆ ತೆಗೆದುಕೊಂಡು, ಆಮೇಲೆ ನಿಧಾನವಾಗಿ ಬಿಟ್ಟೆ. ಇಂಥ ಮಾತ್ರೆ ಶುರು ಮಾಡಿದವರು ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟೇ: ಎಚ್ಚರ ಬೇಕಿರುವುದು ಬದಲಾವಣೆಯ ವಾರಗಳಲ್ಲಿ. ಶುರು ಮಾಡಿದ ವಾರ, ಡೋಸ್ ಏರಿಸಿದ ವಾರ, ಇಳಿಸಿದ ವಾರ, ಜೊತೆಗೆ ಬೇರೆ ಔಷಧ ಸೇರಿದ ವಾರ. ಮಧ್ಯದ ತಿಂಗಳುಗಳು ಬೇಜಾರು ಹಿಡಿಸುವಷ್ಟು ಮಾಮೂಲಿಯಾಗಿದ್ದವು.

ಮಾತ್ರೆ ಬರೆಯುವ ಮೊದಲು ಮನೋವೈದ್ಯರು ಕೇಳಿದ ಪ್ರಶ್ನೆಗಳಿಂದಲೇ ಶುರು ಮಾಡುತ್ತೇನೆ. "ಎರಡು ಮೂರು ಗಂಟೆ ನಿದ್ದೆ ಮಾಡಿದರೂ ಸುಸ್ತೇ ಆಗದೆ, ಮಾತು ಜಾಸ್ತಿಯಾಗಿ, ದುಡ್ಡು ಲೆಕ್ಕವಿಲ್ಲದೆ ಖರ್ಚಾದ ದಿನಗಳು ಯಾವತ್ತಾದರೂ ಇದ್ದವಾ? ನಿಮ್ಮ ಮನೆಯಲ್ಲಿ ಯಾರಿಗಾದರೂ ಹಾಗಾಗಿತ್ತಾ?" ಹಾಸಿಗೆಯಿಂದ ಏಳಲೂ ಆಗದೆ ಕೂತಿದ್ದ ನನಗೆ ಇದೇನು ಪ್ರಶ್ನೆ ಅನಿಸಿತು. ಅವರು ನೋಡುತ್ತಿದ್ದದ್ದು ಬೈಪೋಲಾರ್ ಕಾಯಿಲೆಯ ಸುಳಿವು ಇದೆಯಾ ಅಂತ. ಆ ಕಾಯಿಲೆ ಇರುವವರಿಗೆ ಖಿನ್ನತೆಯ ಮಾತ್ರೆಯನ್ನಷ್ಟೇ ಕೊಟ್ಟರೆ ಮನಸ್ಸು ಇನ್ನೊಂದು ತುದಿಗೆ, ಉನ್ಮಾದಕ್ಕೆ ಹಾರಬಹುದು. ನಿಮ್ಮನ್ನು ಯಾರೂ ಈ ಪ್ರಶ್ನೆ ಕೇಳದಿದ್ದರೆ ನೀವೇ ಬಾಯಿಬಿಟ್ಟು ಹೇಳಿ. ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಿದರು, ಏಕೆಂದರೆ ಥೈರಾಯ್ಡ್ ಕಡಿಮೆಯಾದರೂ ಸುಸ್ತು, ನಿರಾಸಕ್ತಿ ಹೀಗೇ ಇರುತ್ತದೆ.

ಇನ್ನೊಂದು ಕೆಲಸವನ್ನು ನಾನಾಗಿಯೇ ಮಾಡಿದೆ. ಮನೆಯಲ್ಲಿ ನಾನು ಬಳಸುವ ಎಲ್ಲ ಔಷಧಗಳ ಸ್ಟ್ರಿಪ್‌ಗಳನ್ನೂ ಕೆಮ್ಮಿನ ಸಿರಪ್ ಬಾಟಲಿಯನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರ ಮೇಜಿನ ಮೇಲೆ ಸುರಿದೆ. ಅವರು ಒಂದೊಂದನ್ನೇ ತಿರುಗಿಸಿ ನೋಡಿ ಎರಡನ್ನು ಪಕ್ಕಕ್ಕಿಟ್ಟರು. ಒಂದು, ಡೆಕ್ಸ್ಟ್ರೊಮೆಥಾರ್ಫಾನ್ ಇದ್ದ ಕೆಮ್ಮಿನ ಸಿರಪ್. ಇನ್ನೊಂದು, ತಲೆನೋವಿಗೆ ಅಂತ ನಾನು ಆಗಾಗ ನುಂಗುತ್ತಿದ್ದ ಐಬುಪ್ರೊಫೆನ್. ಸರ್ಟ್ರಲಿನ್, ಎಸಿಟಲೊಪ್ರಾಮ್, ಫ್ಲುಒಕ್ಸೆಟಿನ್ ಇವೆಲ್ಲ ಎಸ್‌ಎಸ್‌ಆರ್‌ಐ ಎಂಬ ಒಂದೇ ಗುಂಪಿನ ಮಾತ್ರೆಗಳು. ಇವುಗಳ ಜೊತೆ ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವ ಆಗುವ ಸಾಧ್ಯತೆ ಹೆಚ್ಚುತ್ತದೆ. ಹಾಗಾಗಿ ನನ್ನನ್ನು ಪ್ಯಾರಾಸಿಟಮಾಲ್‌ಗೆ ಬದಲಾಯಿಸಿದರು.

ಕೆಮ್ಮಿನ ಸಿರಪ್‌ನ ಕಥೆ ಬೇರೆ. ಸರ್ಟ್ರಲಿನ್, ಡೆಕ್ಸ್ಟ್ರೊಮೆಥಾರ್ಫಾನ್‌ಗಳಂತೆ ಸೆರೊಟೊನಿನ್ ಎಂಬ ಮೆದುಳಿನ ರಾಸಾಯನಿಕದ ಪ್ರಭಾವ ಹೆಚ್ಚಿಸುವ ಎರಡು ಔಷಧ ಒಟ್ಟಿಗೆ ಸೇರಿದರೆ ಅಪರೂಪಕ್ಕೆ ಸೆರೊಟೊನಿನ್ ಸಿಂಡ್ರೋಮ್ ಆಗುತ್ತದೆ: ಮೈ ನಡುಕ, ವಿಪರೀತ ಬೆವರು, ಎದೆ ಬಡಿತ, ಭೇದಿ, ಜ್ವರ, ಸ್ನಾಯುಗಳ ಸೆಟೆತ, ಗೊಂದಲ. ಡೋಸ್ ಬದಲಾದ ಮೇಲೆ ಅಥವಾ ಹೊಸ ಔಷಧ ಸೇರಿದ ಮೇಲೆ, ಸಾಮಾನ್ಯವಾಗಿ ಒಂದು ದಿನದೊಳಗೇ ಇದು ಕಾಣಿಸಿಕೊಳ್ಳುತ್ತದೆ. ಆಗ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯಬಾರದು, ನೇರ ತುರ್ತು ಚಿಕಿತ್ಸೆಗೆ ಹೋಗಬೇಕು. ನೋವಿಗೆ ಕೊಡುವ ಟ್ರಮಡಾಲ್, ಸೋಂಕಿಗೆ ಕೊಡುವ ಲಿನೆಜೊಲಿಡ್, ಗಿಡಮೂಲಿಕೆ ಅಂತ ಚೀಟಿಯಿಲ್ಲದೆ ಸಿಗುವ ಸೇಂಟ್ ಜಾನ್ಸ್ ವರ್ಟ್, ಇವೂ ಅದೇ ಪಟ್ಟಿಯಲ್ಲಿವೆ. ಹಾಗಾಗಿ ಮುಂದೆ ಹಲ್ಲಿನ ಡಾಕ್ಟರ ಹತ್ತಿರ ಹೋದಾಗಲೂ "ನಾನು ಸರ್ಟ್ರಲಿನ್ ತೆಗೆದುಕೊಳ್ಳುತ್ತಿದ್ದೇನೆ" ಅನ್ನುವುದೇ ನನ್ನ ಮೊದಲ ಮಾತಾಗಿತ್ತು. ನಾಚಿಕೆಗಿಂತ ಟ್ರಮಡಾಲ್ ತಪ್ಪಿಸಿಕೊಳ್ಳುವುದು ಮುಖ್ಯ ಅಲ್ವಾ?

ಶುರುವಾಗಿದ್ದು 25 ಮಿಲಿಗ್ರಾಂನಿಂದ. ಆತಂಕ ಇರುವವರಿಗೆ ಹೀಗೆ ಸಣ್ಣದರಿಂದ ಶುರು ಮಾಡುವುದು ವಾಡಿಕೆ, ಏಕೆಂದರೆ ಮೊದಲ ದಿನಗಳಲ್ಲಿ ಈ ಮಾತ್ರೆ ಆತಂಕವನ್ನು ಇನ್ನಷ್ಟು ಕೆದಕಬಹುದು. ನನಗೂ ಹಾಗೇ ಆಯಿತು. ವಾಕರಿಕೆ, ತಲೆನೋವು, ಬೆಳಗಿನ ಜಾವ ಎಚ್ಚರವಾಗಿಬಿಡುವುದು. ಊಟದ ಜೊತೆ ತೆಗೆದುಕೊಂಡಾಗ ವಾಕರಿಕೆ ಕಡಿಮೆಯಾಯಿತು. ರಾತ್ರಿಯಿಂದ ಬೆಳಿಗ್ಗೆಗೆ ಬದಲಾಯಿಸಿದ ಮೇಲೆ ನಿದ್ದೆ ಸುಧಾರಿಸಿತು. ಕೆಲವರಿಗೆ ಇದೇ ಮಾತ್ರೆಯಿಂದ ತೂಕಡಿಕೆ ಬರುತ್ತದೆ, ಅವರಿಗೆ ರಾತ್ರಿಯೇ ಒಳ್ಳೆಯದು.

ನನ್ನ ಕಣ್ಣಿಗೆ ಬೀಳದ ಒಂದು ಸಂಗತಿ ತಂಗಿಯ ಕಣ್ಣಿಗೆ ಬಿತ್ತು. "ಅಕ್ಕ, ಎಷ್ಟು ಹೊತ್ತಿನಿಂದ ಹೀಗೆ ಕಾಲು ಅಲ್ಲಾಡಿಸ್ತಾ ಇದ್ದೀಯಾ? ಕೂತ್ಕೊಳ್ತೀಯಾ, ಮತ್ತೆ ಎದ್ದು ಓಡಾಡ್ತೀಯಾ" ಅಂದಳು. ನಾನು ಅದನ್ನು ಆತಂಕ ಅಂದುಕೊಂಡಿದ್ದೆ. ವೈದ್ಯರಿಗೆ ಫೋನ್ ಮಾಡಿದಾಗ ಅವರು ಮೊದಲು ಕೇಳಿದ್ದು, "ಚಡಪಡಿಕೆ ಮನಸ್ಸಿನಲ್ಲಾ, ಕಾಲಿನಲ್ಲಾ?" ಒಂದು ಕಡೆ ಕೂರಲಾಗದ, ಚರ್ಮದೊಳಗಿಂದಲೇ ತಳ್ಳುವಂಥ ಈ ಚಡಪಡಿಕೆಗೆ ಅಕತಿಸಿಯಾ ಅನ್ನುತ್ತಾರೆ. ಇದು ತೀವ್ರವಾದರೆ ಸಹಿಸಲು ತುಂಬಾ ಕಷ್ಟ, ಸಾಯುವ ಯೋಚನೆಯನ್ನೂ ತರಬಹುದು. ನನ್ನದು ಹಗುರವಾಗಿತ್ತು. ಡೋಸ್ ಏರಿಸುವುದನ್ನು ಮುಂದಕ್ಕೆ ಹಾಕಿದರು, ಕೆಲವೇ ದಿನಕ್ಕೆ ಅಂತ ಕ್ಲೊನಜೆಪಾಮ್ ಎಂಬ ಆತಂಕ ತಗ್ಗಿಸುವ ಮಾತ್ರೆ ಕೊಟ್ಟರು. ಅದರ ಚೀಟಿಯ ಮೇಲೆ ಯಾವತ್ತು ನಿಲ್ಲಿಸಬೇಕು ಅಂತ ದಿನಾಂಕವನ್ನೇ ಬರೆದಿದ್ದರು. ಆ ಗುಂಪಿನ ಮಾತ್ರೆಗಳು ಕೂಡಲೇ ಆರಾಮ ಕೊಡುತ್ತವೆ, ಅಷ್ಟೇ ಬೇಗ ಚಟವೂ ಆಗುತ್ತವೆ. ಖಿನ್ನತೆಯ ಮಾತ್ರೆಗಳಲ್ಲಿ ಆ ಥರದ ಹಂಬಲ ಹುಟ್ಟುವುದಿಲ್ಲ, ಆದರೆ ಥಟ್ಟನೆ ಬಿಡಲೂ ಬರುವುದಿಲ್ಲ.

ಮನೆಯವರಲ್ಲಿ ಒಬ್ಬರಿಗಾದರೂ ವಿಷಯ ಗೊತ್ತಿರಲಿ ಅಂತ ನಾನು ಪದೇ ಪದೇ ಹೇಳುವುದು ಇದಕ್ಕೇ. ವಯಸ್ಸು 25ಕ್ಕಿಂತ ಕಡಿಮೆ ಇದ್ದರಂತೂ ಇನ್ನೂ ಮುಖ್ಯ. ಮಕ್ಕಳು, ಹದಿಹರೆಯದವರಲ್ಲಿ ಈ ಔಷಧಗಳು ಆತ್ಮಹತ್ಯೆಯ ಯೋಚನೆ ಹೆಚ್ಚಿಸಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2004ರಲ್ಲಿ ಎಲ್ಲಕ್ಕಿಂತ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿತು. 2007ರಲ್ಲಿ ಅದನ್ನು 24 ವಯಸ್ಸಿನವರೆಗೆ ವಿಸ್ತರಿಸಿತು. ಎಚ್ಚರಿಕೆ ಇದೆ ಅಂತ ಮಾತ್ರೆಯನ್ನೇ ಬೇಡ ಅನ್ನಬೇಕಿಲ್ಲ, ಮೊದಲ ವಾರಗಳಲ್ಲಿ ಅವರನ್ನು ಒಂಟಿಯಾಗಿ ಬಿಡಬಾರದು ಅಷ್ಟೇ. ಯಾವ ವಯಸ್ಸಿನವರಿಗಾದರೂ ಸರಿ, ಸಾಯುವ ಯೋಚನೆ ಹೊಸದಾಗಿ ಬಂದರೆ ಅಥವಾ ಇದ್ದದ್ದು ಜೋರಾದರೆ ಅದೇ ದಿನ ವೈದ್ಯರಿಗೆ ಇಲ್ಲವೇ ತುರ್ತು ಸೇವೆಗೆ ಹೇಳಬೇಕು. ನಾಳೆ ನೋಡೋಣ ಅನ್ನುವ ವಿಷಯವಲ್ಲ ಅದು.

ಆಮೇಲೆ 50 ಮಿಲಿಗ್ರಾಂ. ಕಾಯುವ ಕಾಲ ಶುರುವಾಗುವುದು ಇಲ್ಲಿ. ಅಡ್ಡ ಪರಿಣಾಮ ಮೊದಲ ದಿನವೇ ಬರುತ್ತದೆ, ಪ್ರಯೋಜನ ಮಾತ್ರ ಎರಡರಿಂದ ನಾಲ್ಕು ವಾರ ಬಿಟ್ಟು ಬರುತ್ತದೆ. ಪೂರ್ತಿ ಗೊತ್ತಾಗಲು ಆರೆಂಟು ವಾರ ಬೇಕು. "ಕೆಲಸ ಮಾಡ್ತಾನೇ ಇಲ್ಲ" ಅಂತ ಬಹಳ ಜನ ಬಿಟ್ಟುಬಿಡುವುದು ಈ ಸಂದಿಯಲ್ಲೇ. ನಾನು ಒಂದು ನೋಟ್‌ಬುಕ್ ಇಟ್ಟಿದ್ದೆ. ದಿನಾಂಕ, ಡೋಸ್, ನಿದ್ದೆಯ ಗಂಟೆಗಳು, ಆ ದಿನ ಮಾಡಿದ ಒಂದು ಕೆಲಸ, ಇಷ್ಟೇ. "ಮನಸ್ಸು ಹೇಗಿದೆ" ಅನ್ನುವ ಕಾಲಂ ಬೇಕೆಂದೇ ಬಿಟ್ಟಿದ್ದೆ. ಖಿನ್ನತೆಯಲ್ಲಿರುವವರನ್ನು ಆ ಪ್ರಶ್ನೆ ಕೇಳಿದರೆ ಉತ್ತರ ದಿನಾಲೂ ಒಂದೇ. ಅದರ ಬದಲು ಕೆಲವು ವಾರಗಳಿಗೊಮ್ಮೆ ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿ ತುಂಬುತ್ತಿದ್ದೆ. ಒಂಬತ್ತು ಪ್ರಶ್ನೆ, ಒಟ್ಟು 27 ಅಂಕ, ಜಾಸ್ತಿ ಬಂದಷ್ಟೂ ಖಿನ್ನತೆ ಹೆಚ್ಚು. ಆತಂಕಕ್ಕೆ ಇದೇ ರೀತಿ ಜಿಎಡಿ-7 ಇದೆ, ಅದರಲ್ಲಿ ಗರಿಷ್ಠ 21.

ನೋಟ್‌ಬುಕ್‌ನಲ್ಲಿ ಮೊದಲು ಬದಲಾಗಿದ್ದು ನಿದ್ದೆಯ ಕಾಲಂ. ಆಮೇಲೆ ಕೆಲಸದ ಕಾಲಂನಲ್ಲಿ "ಏನಿಲ್ಲ" ಅನ್ನುವ ಜಾಗದಲ್ಲಿ "ಬಟ್ಟೆ ಮಡಚಿಟ್ಟೆ" ಬಂತು. ಮನಸ್ಸು ಇನ್ನೂ ಅಲ್ಲೇ ಇತ್ತು. ಹೀಗೆ ಮೈಗೆ ಶಕ್ತಿ ಬಂದು ಮನಸ್ಸು ಹಿಂದೆಯೇ ಉಳಿದಿರುವ ದಿನಗಳಲ್ಲೂ ಎಚ್ಚರ ಬೇಕು ಅಂತ ವೈದ್ಯರು ತಂಗಿಗೆ ಬೇರೆಯಾಗಿ ಕರೆದು ಹೇಳಿದ್ದರು. ನನಗೆ ಅದು ಗೊತ್ತಾಗಿದ್ದು ಎಷ್ಟೋ ದಿನ ಬಿಟ್ಟು. ಅಂಕ ಸ್ವಲ್ಪ ಇಳಿದು ಅಲ್ಲೇ ನಿಂತಾಗ ಡೋಸ್ 100ಕ್ಕೆ ಏರಿಸಿದರು. ಮೊದಲ ವಾರದ ವಾಕರಿಕೆ, ಚಡಪಡಿಕೆ ಮತ್ತೊಮ್ಮೆ ಚೂರು ಇಣುಕಿ ಹೋಯಿತು. ಈ ಸಲ ಗಾಬರಿಯಾಗಲಿಲ್ಲ.

ಮಧ್ಯದ ತಿಂಗಳುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಲೈಂಗಿಕ ಆಸಕ್ತಿ ಕಡಿಮೆಯಾಗುವುದು ಈ ಮಾತ್ರೆಗಳ ತೀರಾ ಸಾಮಾನ್ಯ ಅಡ್ಡ ಪರಿಣಾಮ, ಮತ್ತು ಜನ ಬಾಯಿಬಿಡದೆ ಮಾತ್ರೆ ನಿಲ್ಲಿಸಲು ಅದೂ ಒಂದು ಕಾರಣ. ವೈದ್ಯರಿಗೆ ಹೇಳಿದರೆ ಡೋಸ್ ತಗ್ಗಿಸುವುದು, ಬೇರೆ ಮಾತ್ರೆಗೆ ಹೋಗುವುದು ಹೀಗೆ ದಾರಿಗಳಿವೆ. ಒಂದು ಡೋಸ್ ತಪ್ಪಿದರೆ ಮರುದಿನ ಎರಡು ನುಂಗಬಾರದು. ಮದ್ಯ ಬಿಟ್ಟರೆ ಒಳ್ಳೆಯದು, ಅದು ಖಿನ್ನತೆಯನ್ನೇ ಕೆದಕುತ್ತದೆ. ವಯಸ್ಸಾದವರಲ್ಲಿ ರಕ್ತದ ಸೋಡಿಯಂ ಇಳಿಯಬಹುದು, ಹೊಸದಾಗಿ ಗೊಂದಲ, ತೂರಾಟ ಕಂಡರೆ ಪರೀಕ್ಷೆ ಮಾಡಿಸಬೇಕು. ಗರ್ಭಿಣಿಯಾದರೆ ಅಥವಾ ಆಗುವ ಯೋಚನೆಯಿದ್ದರೆ ಮಾತ್ರೆಯನ್ನು ತಾವಾಗಿ ಬಿಡದೆ ಮೊದಲು ವೈದ್ಯರೊಂದಿಗೆ ಮಾತಾಡಬೇಕು.

ಒಂದು ಪಕ್ಕದ ಮಾತು. "ಮೆದುಳಿನಲ್ಲಿ ಸೆರೊಟೊನಿನ್ ಕಡಿಮೆಯಾಗಿದೆ, ಮಾತ್ರೆ ತುಂಬಿಸುತ್ತದೆ" ಅನ್ನುವ ವಿವರಣೆ ಈಗ ಅಷ್ಟು ಸಲೀಸಾಗಿ ನಿಲ್ಲುವುದಿಲ್ಲ. ಮಾತ್ರೆ ಸೆರೊಟೊನಿನ್ ಮೇಲೆ ಕೆಲಸ ಮಾಡುವುದು ಕೆಲವೇ ಗಂಟೆಗಳಲ್ಲಿ, ಮನಸ್ಸು ಏಳುವುದು ವಾರಗಳ ಮೇಲೆ. ಅಂದರೆ ನಡುವೆ ಬೇರೇನೋ ನಿಧಾನವಾಗಿ ಬದಲಾಗುತ್ತಿರಬೇಕು. ನನಗಂತೂ ಮಾತ್ರೆ ಸಂತೋಷ ಕೊಡಲಿಲ್ಲ. ಹಗ್ಗ ಕಟ್ಟಿ ಎಳೆದಂತಿದ್ದ ಭಾರವನ್ನು ಸಡಿಲಿಸಿತು, ಅಷ್ಟೇ. ಆ ಸಡಿಲದಲ್ಲಿ ಸಿಬಿಟಿ ಎಂಬ ಮಾತಿನ ಚಿಕಿತ್ಸೆ ಶುರು ಮಾಡಲು ಸಾಧ್ಯವಾಯಿತು. ಮೊದಲೇ ಹೋಗಿದ್ದರೆ ಅವರು ಕೊಡುತ್ತಿದ್ದ ಹೋಂವರ್ಕ್ ಮಾಡಲು ನನ್ನಲ್ಲಿ ತ್ರಾಣ ಇರುತ್ತಿರಲಿಲ್ಲ.

ಈಗ ಬಿಡುವ ವಿಷಯ. ಚೆನ್ನಾಗಿ ಅನಿಸಿದ ದಿನವೇ ಬಿಡುವ ಆಸೆ ಬರುತ್ತದೆ. ಆದರೆ ಮೊದಲ ಸಲದ ಖಿನ್ನತೆಯಾದರೆ ಪೂರ್ತಿ ಸರಿಹೋದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಿ ಅನ್ನುತ್ತಾರೆ, ಪದೇ ಪದೇ ಬಂದಿದ್ದರೆ ಇನ್ನೂ ಜಾಸ್ತಿ. ಬೇಗ ನಿಲ್ಲಿಸಿದರೆ ಕಾಯಿಲೆ ಮರಳುವ ಸಾಧ್ಯತೆ ಹೆಚ್ಚು.

ಇಳಿಸುವಾಗ ನನಗೆ ಆಶ್ಚರ್ಯವಾಗಿದ್ದು ಇದು: 100ರಿಂದ 50ಕ್ಕೆ ಬಂದಾಗ ಏನೂ ಗೊತ್ತಾಗಲಿಲ್ಲ, 25ರಿಂದ ಕೆಳಗಿಳಿಯುವಾಗಲೇ ತಲೆ ತಿರುಗಿತು. ಕಾರಣ ವೈದ್ಯರು ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು. ಮಾಮೂಲಿ ಕನಿಷ್ಠ ಡೋಸ್‌ನಲ್ಲೇ, ಅಂದರೆ 50 ಮಿಲಿಗ್ರಾಂ ಸರ್ಟ್ರಲಿನ್‌ನಲ್ಲೇ, ಮಾತ್ರೆ ಹಿಡಿಯಬೇಕಾದ ಸೆರೊಟೊನಿನ್ ಸಾಗಣೆಯ ಜಾಗಗಳಲ್ಲಿ ಸುಮಾರು 80 ಶೇಕಡಾ ತುಂಬಿಬಿಟ್ಟಿರುತ್ತದೆ. ಅಲ್ಲಿಂದ ಮೇಲೆ ಡೋಸ್ ಎಷ್ಟು ಏರಿಸಿದರೂ ಗೆರೆ ಹೆಚ್ಚು ಏರುವುದಿಲ್ಲ. ಕೆಳಗೆ ಮಾತ್ರ ಕಡಿದಾಗಿ ಬೀಳುತ್ತದೆ. ಹಾಗಾಗಿ ಕೊನೆಯ ಹೆಜ್ಜೆಗಳು ಚಿಕ್ಕದಾಗಿರಬೇಕು, ಒಂದೊಂದರ ನಡುವೆ ವಾರಗಳ ಬಿಡುವು ಬೇಕು. ನಾನು ಗೀಟಿರುವ ಮಾತ್ರೆಯನ್ನು ಕತ್ತರಿಸಿ ಹನ್ನೆರಡೂವರೆ ಮಿಲಿಗ್ರಾಂ ಮಾಡಿಕೊಂಡೆ. ಎಲ್ಲ ಮಾತ್ರೆಯನ್ನೂ ಹೀಗೆ ಕತ್ತರಿಸಲಾಗದು. ನಿಧಾನವಾಗಿ ಕರಗುವ ಮಾತ್ರೆಗಳನ್ನು ಮುರಿಯಲೇಬಾರದು, ಔಷಧ ಒಮ್ಮೆಗೇ ಬಿಡುಗಡೆಯಾಗುತ್ತದೆ. ಫಾರ್ಮಸಿಸ್ಟ್‌ಗೆ ಕೇಳಿ. ದಿನ ಬಿಟ್ಟು ದಿನ ತೆಗೆದುಕೊಳ್ಳುವ ಉಪಾಯವೂ ಒಳ್ಳೆಯದಲ್ಲ. ಸರ್ಟ್ರಲಿನ್ ರಕ್ತದಲ್ಲಿ ಅರ್ಧದಷ್ಟಾಗಲು ಸುಮಾರು ಒಂದು ದಿನ ಸಾಕು, ಹಾಗಾಗಿ ಮಟ್ಟ ಏರಿಳಿಯುತ್ತಲೇ ಇರುತ್ತದೆ. ವೆನ್ಲಫ್ಯಾಕ್ಸಿನ್, ಪ್ಯಾರೊಕ್ಸೆಟಿನ್ ಎಂಬ ಖಿನ್ನತೆಯ ಮಾತ್ರೆಗಳು ಬೇಗ ಖಾಲಿಯಾಗುವುದರಿಂದ ಬಿಡುವುದು ಇನ್ನೂ ಕಷ್ಟ. ಫ್ಲುಒಕ್ಸೆಟಿನ್ ವಾರಗಟ್ಟಲೆ ಉಳಿಯುವುದರಿಂದ ತುಸು ಸುಲಭ.

ಕೊನೆಯ ಹಂತದಲ್ಲಿ ಕಣ್ಣು ಪಕ್ಕಕ್ಕೆ ಹೊರಳಿಸಿದಾಗ ತಲೆಯೊಳಗೆ ಸಣ್ಣಗೆ ಕರೆಂಟ್ ಹೊಡೆದಂತಾಗುತ್ತಿತ್ತು. ಜೊತೆಗೆ ಸುಮ್ಸುಮ್ನೆ ಸಿಡುಕು, ಬಣ್ಣಬಣ್ಣದ ಕನಸು. ಕಾಯಿಲೆ ಮತ್ತೆ ಬಂತಾ ಅನ್ನುವ ಭಯ ಸಹಜ. ಬೇರ್ಪಡಿಸಲು ಎರಡು ಗುರುತು ಹೇಳಿದ್ದರು. ಬಿಡುವಾಗಿನ ತೊಂದರೆ ಡೋಸ್ ಇಳಿಸಿದ ಕೆಲವೇ ದಿನಗಳಲ್ಲಿ ಬರುತ್ತದೆ, ಖಿನ್ನತೆ ಮರಳುವುದು ಸಾಮಾನ್ಯವಾಗಿ ವಾರ, ತಿಂಗಳುಗಳಲ್ಲಿ ನಿಧಾನಕ್ಕೆ. ಕರೆಂಟ್ ಹೊಡೆದಂತಾಗುವುದು, ತಲೆಸುತ್ತು ಇವು ಮೊದಲ ಕಾಯಿಲೆಯಲ್ಲಿ ಇರಲೇ ಇಲ್ಲವಲ್ಲ. ನಾವು ಹಿಂದಿನ ಡೋಸ್‌ಗೆ ಹೋಗಿ, ಅಲ್ಲಿ ಇನ್ನಷ್ಟು ಕಾಲ ನಿಂತು, ಮತ್ತೆ ಇಳಿದೆವು.

ನೋಟ್‌ಬುಕ್‌ನ ಕೊನೆಯ ಪುಟದಲ್ಲಿ ಮಾತ್ರೆಯ ಹೆಸರು, ಕೆಲಸ ಮಾಡಿದ ಡೋಸ್, ಮೊದಲ ವಾರ ಕಾಲು ಚಡಪಡಿಸಿದ್ದು, ಇಳಿಸಿದ ಕ್ರಮ, ಖಿನ್ನತೆ ಬರುವ ಮೊದಲು ನನ್ನಲ್ಲಿ ಕಾಣುವ ಗುರುತುಗಳು ಇವಿಷ್ಟನ್ನು ಬರೆದು ಅದರ ಫೋಟೋವನ್ನು ತಂಗಿಗೆ ಕಳಿಸಿದ್ದೇನೆ. ಮತ್ತೆ ಬಂದರೆ ಮುಂದಿನ ವೈದ್ಯರು ಸೊನ್ನೆಯಿಂದ ಶುರು ಮಾಡಬೇಕಿಲ್ಲ. ಉಳಿದ ಮಾತ್ರೆಗಳನ್ನು ಇಟ್ಟುಕೊಳ್ಳದೆ ಫಾರ್ಮಸಿಗೆ ವಾಪಸ್ ಕೊಟ್ಟೆ. ಒಬ್ಬರಿಗೆ ಬರೆದ ಮಾತ್ರೆಯನ್ನು "ನಿನಗೂ ಬೇಜಾರಾ, ತಗೋ" ಅಂತ ಇನ್ನೊಬ್ಬರಿಗೆ ಕೊಡುವಂಥದ್ದಲ್ಲ ಇದು.