ಶಿಫ್ಟ್ ಕೀಲಿಯನ್ನು ಹೆಬ್ಬೆರಳಿಗೆ ಕೊಟ್ಟ ಮೇಲೆ

ಒದ್ದೆ ಬಟ್ಟೆ ಹಿಂಡುವಾಗ ಎಡ ಮಣಿಕಟ್ಟಿನ ಹೊರಮಗ್ಗುಲು ಚುಳ್ಳೆಂದಿತು. ಕಿರುಬೆರಳಿನ ನೇರಕ್ಕೆ ಕೆಳಗೆ, ಮೂಳೆ ಉಬ್ಬಿಕೊಂಡು ಕಾಣುತ್ತದಲ್ಲ, ಸರಿಯಾಗಿ ಅಲ್ಲಿ. ಮುಲಾಮು ಹಚ್ಚಿಕೊಂಡು ಸುಮ್ಮನಾದೆ. ಮೂರನೆಯ ವಾರದ ಹೊತ್ತಿಗೆ ತುಂಬಿದ ಚೊಂಬನ್ನು ಎತ್ತಲು ಎಡಗೈ ಒಪ್ಪಲಿಲ್ಲ. ಅನುವಾದ ಮತ್ತು ಕರಡು ತಿದ್ದುವುದು ನನ್ನ ಕೆಲಸ. ದಿನಕ್ಕೆ ಆರೇಳು ಗಂಟೆ ಕನ್ನಡ ಟೈಪ್ ಮಾಡುತ್ತೇನೆ. ಕೈ ನಿಂತರೆ ಕೆಲಸವೂ ನಿಲ್ಲುತ್ತದೆ.

ವೈದ್ಯರು ಮೊದಲು ಕೇಳಿದ್ದು ಕೀಲಿಮಣೆಯ ಬಗ್ಗೆ ಅಲ್ಲ. “ನೋವು ಬೇರೆ, ಜೋಮು ಬೇರೆ. ಎರಡೂ ಎಲ್ಲೆಲ್ಲಿವೆ, ಬೆರಳಿಟ್ಟು ತೋರಿಸಿ” ಎಂದರು. ಮಣಿಕಟ್ಟಿನ ನಡುವೆ ಒಂದು ಇಕ್ಕಟ್ಟಾದ ಸುರಂಗವಿದೆ, ಅದರೊಳಗೆ ಒಂಬತ್ತು ಸ್ನಾಯುರಜ್ಜುಗಳೂ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಗಳು) ಒಂದು ನರವೂ ಹಾದುಹೋಗುತ್ತವೆ. ಆ ನರ ಒತ್ತಿಕೊಂಡರೆ ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ಜೋಮು ಹಿಡಿಯುತ್ತವೆ. ಕಾರ್ಪಲ್ ಟನಲ್ ಸಿಂಡ್ರೋಮ್ ಎನ್ನುವುದು ಅದನ್ನೇ. ನನಗೆ ಜೋಮು ಇರಲಿಲ್ಲ. ಹೊರಮಗ್ಗುಲಿನ ಸ್ನಾಯುರಜ್ಜು ಕೆರಳಿತ್ತು, ಅಷ್ಟೆ. ಕೆಲವು ವಾರಗಳ ವಿಶ್ರಾಂತಿ, ಆಮೇಲೆ ವ್ಯಾಯಾಮ. ಬೆರಳು ಜೋಮು ಹಿಡಿಯುವವರು, ರಾತ್ರಿ ಕೈ ನೋವಿಗೆ ಎಚ್ಚರವಾಗುವವರು ದಯವಿಟ್ಟು ಮೊದಲು ವೈದ್ಯರನ್ನು ಕಾಣಿ. ಕೀಲಿಮಣೆಯ ಮಾತು ಆಮೇಲೆ.

ಎಲ್ಲಿ ನೋವು ಎಂಬುದು ಗೊತ್ತಾದ ಮೇಲೆ, ಯಾವ ಭಂಗಿ ಅದನ್ನು ಕೆರಳಿಸುತ್ತದೆ ಎಂದು ಹುಡುಕಬೇಕಿತ್ತು. ಮೊಬೈಲನ್ನು ಕಪಾಟಿನ ಅಂಚಿನಿಂದ ಮೇಜಿನ ಕಡೆಗೆ ತಿರುಗಿಸಿಟ್ಟು ಹತ್ತು ನಿಮಿಷ ಟೈಪ್ ಮಾಡಿದ್ದನ್ನು ಚಿತ್ರೀಕರಿಸಿದೆ. ಇಷ್ಟು ವರ್ಷ ಟೈಪ್ ಮಾಡಿಯೂ ಮೇಲಿನಿಂದ ನನ್ನ ಕೈಗಳನ್ನು ನೋಡಿದ್ದು ಅದೇ ಮೊದಲು. ಮೊಣಕೈಗಳು ದೂರ, ಬೆರಳುಗಳು ಎದೆಯ ಮುಂದೆ ಹತ್ತಿರ. ತೋಳು ಓರೆಯಾಗಿ ಬರುತ್ತದೆ, ಕೀಲಿಗಳ ಸಾಲು ನೇರವಾಗಿದೆ. ಹೊಂದಿಕೊಳ್ಳಬೇಕಾದದ್ದು ನಡುವಿನ ಮಣಿಕಟ್ಟು, ಅದು ಕಿರುಬೆರಳಿನ ಕಡೆಗೆ ಬಾಗುತ್ತದೆ. ಎರಡೂ ಕೈಗಳು ಬಾಗಿದ್ದವು. ಹಾಗಾದರೆ ಎಡಗೈಗೆ ಮಾತ್ರ ನೋವು ಏಕೆ?

ಉತ್ತರ “ಧಾರಾಳ” ಎಂಬ ಪದದಲ್ಲಿ ಸಿಕ್ಕಿತು. ನಾನು ಬಳಸುವುದು ನುಡಿ ತಂತ್ರಾಂಶದ ಕಗಪ (ಕನ್ನಡ ಗಣಕ ಪರಿಷತ್ತು) ಕೀಲಿ ವಿನ್ಯಾಸ. ಅದರಲ್ಲಿ ದೀರ್ಘಕ್ಕೆ ಶಿಫ್ಟ್, ಮಹಾಪ್ರಾಣಕ್ಕೆ ಶಿಫ್ಟ್, ಣಕಾರ ಳಕಾರಗಳಿಗೂ ಶಿಫ್ಟ್. “ಧಾರಾಳ” ಬರೆಯಲು ಡಿ, ಎ, ಆರ್, ಎ, ಎಲ್ ಎಂದು ಐದು ಕೀಲಿ ಒತ್ತಬೇಕು, ಅದರಲ್ಲಿ ನಾಲ್ಕು ಶಿಫ್ಟ್ ಹಿಡಿದೇ. ಎಡಗೈಯ ಅಕ್ಷರಕ್ಕೆ ಬಲಗಡೆಯ ಶಿಫ್ಟ್ ಒತ್ತಬೇಕೆಂದು ಟೈಪಿಂಗ್ ಕಲಿಸುವವರು ಹೇಳುತ್ತಾರೆ. ನಾನು ಎಲ್ಲದಕ್ಕೂ ಎಡ ಶಿಫ್ಟನ್ನೇ ಒತ್ತುತ್ತಿದ್ದೆ. ಕಿರುಬೆರಳು ಕೆಳಗೆ ಶಿಫ್ಟ್ ಹಿಡಿದಿರುವಾಗ, ಅದೇ ಬೆರಳು ಒತ್ತಬೇಕಾಗಿದ್ದ ಎ ಕೀಲಿಯನ್ನು ಉಂಗುರ ಬೆರಳು ಹೋಗಿ ಒತ್ತುತ್ತಿತ್ತು. ದೃಶ್ಯವನ್ನು ನಿಧಾನಗೊಳಿಸಿ ನೋಡಿದೆ: ಒಂದೊಂದು ದೀರ್ಘಕ್ಕೂ ಇಡೀ ಎಡಗೈ ಹೊರಕ್ಕೆ ತಿರುಚಿಕೊಂಡು ಮತ್ತೆ ಸ್ವಸ್ಥಾನಕ್ಕೆ ಮರಳುತ್ತಿತ್ತು. ಇಂಗ್ಲಿಷಿನಲ್ಲಿ ಶಿಫ್ಟ್ ವಾಕ್ಯಕ್ಕೆ ಒಂದೆರಡು ಸಲ ಬಂದರೆ ಹೆಚ್ಚು. ಕನ್ನಡದಲ್ಲಿ ಅದು ಪದಪದಕ್ಕೂ ಬರುತ್ತದೆ. ಕೀಲಿಮಣೆಗಳ ಬಗೆಗಿನ ಸಲಹೆಗಳೆಲ್ಲ ಇಂಗ್ಲಿಷ್ ಬರೆಯುವವರ ಕೈ ನೋಡಿ ಹುಟ್ಟಿದವು ಎಂಬುದು ಆಗ ಅರ್ಥವಾಯಿತು.

ಹಾಗಾಗಿ ಮೊದಲ ಮದ್ದಿಗೆ ಯಾವ ಖರ್ಚೂ ಇರಲಿಲ್ಲ. ವಿಂಡೋಸ್‌ನಲ್ಲಿ ಶಿಫ್ಟನ್ನು ಐದು ಸಲ ಒತ್ತಿದರೆ ಸ್ಟಿಕಿ ಕೀಸ್ ಎಂಬ ಸೌಲಭ್ಯ ಬೇಕೇ ಎಂದು ಕೇಳುತ್ತದೆ. ಎಷ್ಟೋ ಸಲ ಕಿರಿಕಿರಿಯಿಂದ ಮುಚ್ಚಿದ್ದ ಆ ಕಿಟಕಿಗೆ ಈ ಸಲ ಹೌದು ಎಂದೆ. ಇದರಲ್ಲಿ ಶಿಫ್ಟನ್ನು ಹಿಡಿದುಕೊಂಡಿರಬೇಕಾಗಿಲ್ಲ. ಒತ್ತಿ ಬಿಟ್ಟರೆ ಸಾಕು, ಮುಂದಿನ ಅಕ್ಷರಕ್ಕೆ ಅದು ಅನ್ವಯವಾಗುತ್ತದೆ. ನನ್ನ ಕಂಪ್ಯೂಟರಿನಲ್ಲಿ ಕನ್ನಡಕ್ಕೂ ಸರಿಯಾಗಿ ಕೆಲಸ ಮಾಡಿತು. ತಿರುಚುವುದು ಅರ್ಧ ತಗ್ಗಿತು.

ಮಣಿಕಟ್ಟು ಬಾಗುವುದು ಮಾತ್ರ ಉಳಿದಿತ್ತು. ಅದಕ್ಕೆಂದು ಮೊದಲು ಕೊಂಡದ್ದು ಒಂದೇ ಹಲಗೆಯಲ್ಲಿ ಕೀಲಿಗಳು ಎರಡು ಗುಂಪಾಗಿ ಓರೆಯಾಗಿ ನಿಂತಿರುವ ಕೀಲಿಮಣೆ. 1994ರಲ್ಲಿ ಮೈಕ್ರೋಸಾಫ್ಟ್ ತನ್ನ ನ್ಯಾಚುರಲ್ ಕೀಲಿಮಣೆಯ ಮೂಲಕ ಮನೆಮನೆಗೆ ಪರಿಚಯಿಸಿದ ಆಕಾರ ಅದು. ಹೊಂದಿಕೊಳ್ಳಲು ಎರಡೇ ದಿನ ಸಾಕಾಯಿತು, ಆ ಮಟ್ಟಿಗೆ ಒಳ್ಳೆಯದು. ಆದರೆ ಓರೆಯ ಕೋನವನ್ನು ತಯಾರಕರೇ ನಿಗದಿ ಮಾಡಿದ್ದರು, ನನ್ನ ಭುಜದ ಅಗಲ ಅವರಿಗೆ ಗೊತ್ತಿರಲಿಲ್ಲ. ಬಲಕ್ಕಿದ್ದ ಅಂಕಿಗಳ ಪಟ್ಟಿಯಿಂದಾಗಿ ಮೌಸ್ ಗೇಣುದ್ದ ಆಚೆ ಸರಿದು ಬಲ ಭುಜ ಹಿಡಿದುಕೊಳ್ಳತೊಡಗಿತು. ಎರಡು ತಿಂಗಳ ಮೇಲೆ ಅದನ್ನು ಬೇರೆಯವರಿಗೆ ಕೊಟ್ಟೆ.

ಎರಡನೆಯದು ನಿಜವಾಗಿಯೂ ಎರಡು ತುಂಡು. ಎಡಗೈಗೊಂದು, ಬಲಗೈಗೊಂದು, ನಡುವೆ ಒಂದು ಕೇಬಲ್. ಎರಡನ್ನೂ ಭುಜದಷ್ಟು ಅಗಲಕ್ಕೆ ಸರಿಸಿಟ್ಟರೆ ಮುಂಗೈ ನೇರವಾಗಿ ಮುಂದೆ ಚಾಚುತ್ತದೆ, ಮಣಿಕಟ್ಟು ಬಾಗಬೇಕಾದ ಕಾರಣವೇ ಇರುವುದಿಲ್ಲ. ಕೀಲಿಗಳೂ ಅಡ್ಡಸಾಲಿನಲ್ಲಿ ಸರಿದು ನಿಲ್ಲದೆ ಬೆರಳಿನ ನೇರಕ್ಕೆ ಕಂಬಸಾಲಿನಲ್ಲಿವೆ. ಸಾಮಾನ್ಯ ಕೀಲಿಮಣೆಯಲ್ಲಿ ಸಾಲುಗಳು ಸರಿದು ನಿಂತಿರುವುದು 1870ರ ದಶಕದ ಟೈಪ್‌ರೈಟರಿನ ಸನ್ನೆಕೋಲುಗಳಿಗೆ ದಾರಿ ಬಿಡಲು. ಸನ್ನೆಕೋಲುಗಳು ಹೋಗಿ ಎಷ್ಟು ಕಾಲವಾಯಿತು! ಆ ಓರೆ ಇನ್ನೂ ಉಳಿದಿದೆ.

ಮೊದಲ ವಾರ ಕಷ್ಟವಾಯಿತು. ಬಿ ಕೀಲಿ ಎಡ ತುಂಡಿನಲ್ಲಿದೆ. ಅದನ್ನು ನಾನು ಬಲಗೈಯಿಂದ ಒತ್ತುತ್ತಿದ್ದೆ ಎಂಬುದು ನನಗೇ ತಿಳಿದಿರಲಿಲ್ಲ. “ಬ” ಬರೆಯಬೇಕಾದಾಗಲೆಲ್ಲ ಬಲ ತೋರುಬೆರಳು ಎರಡು ತುಂಡುಗಳ ನಡುವಿನ ಬರಿಯ ಮೇಜನ್ನು ಕುಟ್ಟುತ್ತಿತ್ತು. ಗಡುವಿನ ಕೆಲಸ ಕೈಯಲ್ಲಿರುವಾಗ ಇಂಥ ಕೀಲಿಮಣೆಗೆ ಬದಲಾಗಬೇಡಿ. ದಿನಕ್ಕೆ ಅರ್ಧ ಗಂಟೆ ಇದರಲ್ಲಿ, ಉಳಿದ ಹೊತ್ತು ಹಳೆಯದರಲ್ಲಿ ಎಂದು ಮೂರು ವಾರ ನಡೆಸಿದೆ. ಐದನೆಯ ವಾರಕ್ಕೆ ಹಳೆಯ ವೇಗ ಬಂತು.

ನನ್ನ ಆಯ್ಕೆಯನ್ನು ತೀರ್ಮಾನಿಸಿದ್ದು ಹೆಬ್ಬೆರಳಿನ ಕೀಲಿಗಳು. ಕೈಯಲ್ಲಿ ಅತಿ ಗಟ್ಟಿಯಾದ ಬೆರಳು ಹೆಬ್ಬೆರಳು, ಸಾಮಾನ್ಯ ಕೀಲಿಮಣೆಯಲ್ಲಿ ಎರಡು ಹೆಬ್ಬೆರಳಿಗೂ ಸೇರಿ ಇರುವ ಕೆಲಸ ಒಂದು ಸ್ಪೇಸ್ ಬಾರ್. ಈ ಕೀಲಿಮಣೆಯಲ್ಲಿ ಒಂದೊಂದು ಹೆಬ್ಬೆರಳಿಗೆ ಮೂರು ಮೂರು ಕೀಲಿಗಳಿವೆ. ಒಳಗಿನ ತಂತ್ರಾಂಶ ಕ್ಯೂಎಂಕೆ, ಮುಕ್ತ ತಂತ್ರಾಂಶವಾದ್ದರಿಂದ ಯಾವ ಕೀಲಿಗೆ ಏನು ಎಂಬುದನ್ನು ನಾವೇ ಬದಲಿಸಬಹುದು. ಎಡ ಹೆಬ್ಬೆರಳಿಗೆ ಶಿಫ್ಟ್ ಕೊಟ್ಟೆ, ಅದೂ ಒತ್ತಿ ಬಿಟ್ಟರೆ ಮುಂದಿನ ಒಂದೇ ಅಕ್ಷರಕ್ಕೆ ತಗಲುವಂತೆ. ಬಲ ಹೆಬ್ಬೆರಳಿಗೆ ಸ್ಪೇಸ್ ಮತ್ತು ಬ್ಯಾಕ್‌ಸ್ಪೇಸ್. ಈಗ “ಧಾರಾಳ” ಬರೆಯುವಾಗ ಎಡಗೈ ಜಾಗ ಬಿಟ್ಟು ಕದಲುವುದಿಲ್ಲ. ಯಾರಾದರೂ ಕನ್ನಡ ಬರೆಯುವವರು ಸಲಹೆ ಕೇಳಿದರೆ ಮೊದಲು ಹೇಳುವುದು ಇದನ್ನೇ: ಬೇರೇನಿಲ್ಲದಿದ್ದರೂ ಹೆಬ್ಬೆರಳಿಗೆ ಹೆಚ್ಚುವರಿ ಕೀಲಿ ಇರಲಿ, ಕೀಲಿ ಬದಲಿಸುವ ಸ್ವಾತಂತ್ರ್ಯ ಇರಲಿ.

ಅಕ್ಷರಗಳ ಸ್ಥಾನವನ್ನೇ ಬದಲಿಸುವ ಡ್ವೊರಾಕ್ ವಿನ್ಯಾಸವನ್ನು ಕೆಲವರು ಸೂಚಿಸಿದರು. 1936ರಲ್ಲಿ ಪೇಟೆಂಟ್ ಪಡೆದ ಆ ವಿನ್ಯಾಸ ಇಂಗ್ಲಿಷ್ ಅಕ್ಷರಗಳ ಬಳಕೆಯನ್ನು ಲೆಕ್ಕ ಹಾಕಿ ಮಾಡಿದ್ದು. ನನಗೆ ಅದರಿಂದ ಉಪಯೋಗ ಕಾಣಲಿಲ್ಲ, ಕೈಬಿಟ್ಟೆ.

ಪ್ರತಿ ಕೀಲಿಯ ಕೆಳಗಿರುವ ಸ್ವಿಚ್‌ಗಳ ವಿಷಯ ಬೇಗ ಮುಗಿಯಿತು. 60 ಗ್ರಾಂ ಒತ್ತಡ ಬೇಡುವ ಸ್ವಿಚ್‌ನಿಂದ 45 ಗ್ರಾಮಿನದಕ್ಕೆ ಇಳಿದೆ. ಇವುಗಳಲ್ಲಿ ಸುಮಾರು 2 ಮಿಲಿಮೀಟರ್ ಒತ್ತಿದಾಗಲೇ ಅಕ್ಷರ ಮೂಡುತ್ತದೆ, ತಳದವರೆಗೆ 4 ಮಿಲಿಮೀಟರ್. ತಳಕ್ಕೆ ಕುಟ್ಟುವ ಅಭ್ಯಾಸ ಬಿಡಲು ನಡುವೆ ಸಣ್ಣ ತಡೆ ಬೆರಳಿಗೆ ತಾಕುವ ಬಗೆಯನ್ನು ಆರಿಸಿಕೊಂಡೆ.

ಕೀಲಿಮಣೆಯ ಹಿಂದಿನ ಪುಟ್ಟ ಕಾಲುಗಳನ್ನು ಮಾತ್ರ ಯಾರೂ ಎತ್ತಬಾರದು ಎನ್ನುವೆ. ಹಿಂಬದಿ ಎತ್ತರವಾದಷ್ಟೂ ಅಂಗೈ ಹಿಂದಕ್ಕೆ ಮಡಚುತ್ತದೆ. ನಾನು ಆ ಕಾಲುಗಳನ್ನು ಮಡಿಸಿ, ಎರಡು ತುಂಡುಗಳ ಒಳ ಅಂಚುಗಳನ್ನು ಹತ್ತು ಹದಿನೈದು ಡಿಗ್ರಿ ಮೇಲೆತ್ತಿದ್ದೇನೆ, ಕೈ ಕುಲುಕಲು ಚಾಚಿದ ಭಂಗಿಗೆ ಸ್ವಲ್ಪ ಹತ್ತಿರವಾಗುವ ಹಾಗೆ. ಅಂಗೈ ದಿಂಬು ಇದೆ, ಬರೆಯುವಾಗ ಅಲ್ಲ, ಯೋಚಿಸುವಾಗ ಕೈ ಇಡುವುದಕ್ಕೆ.

ನೋವು ಒಂದೇ ದಿನ ಹೋಗಲಿಲ್ಲ. ವ್ಯಾಯಾಮವೂ ನಡುನಡುವೆ ಎದ್ದು ನಡೆಯುವುದೂ ಸೇರಿ ನಾಲ್ಕು ತಿಂಗಳು ಹಿಡಿಯಿತು. ಮೇಜಿನ ಮೇಲೆ ಎರಡು ತುಂಡುಗಳ ಮೂಲೆಗಳಿಗೆ ಬಿಳಿ ಟೇಪ್ ಅಂಟಿಸಿ ಗುರುತು ಮಾಡಿಕೊಂಡಿದ್ದೇನೆ. ಮೇಜು ಒರೆಸುವಾಗ ಎಡ ತುಂಡು ಎರಡು ಬೆರಳಿನಷ್ಟು ಒಳಗೆ ಸರಿದರೂ ಸಂಜೆಯ ಹೊತ್ತಿಗೆ ಮಣಿಕಟ್ಟು ಹೇಳುತ್ತದೆ. ಬೆಳಿಗ್ಗೆ ಕೂತೊಡನೆ ಮೊದಲು ಟೇಪ್ ನೋಡಿ, ಆಮೇಲೆ ಕಡತ ತೆರೆಯುತ್ತೇನೆ.