ಪಕ್ಕೆಯ ನರದ ನೋವಿಗೆ ಲಿಗ್ನೋಕೇನ್: ನಾನು ಮಾಡುವ ಬಗೆ

ಕಿಡ್ನಿ ಸ್ಟೋನ್ ಇರಬೇಕೆಂದು ಸ್ಕ್ಯಾನ್, ಮೂತ್ರಪರೀಕ್ಷೆ ಎಲ್ಲ ಮಾಡಿಸಿ, ಏನೂ ಸಿಗದೆ ಬರುವವರಿಗೆ ನಾನು ಮೊದಲು ಹೇಳುವುದು: ನೋವು ಎಲ್ಲಿದೆ, ತೋರಿಸಿ. ಕಲ್ಲಿನ ನೋವಿನವರು ಅಂಗೈಯಿಟ್ಟು ಸವರುತ್ತಾರೆ. ನರದ ನೋವಿನವರು ಸಾಮಾನ್ಯವಾಗಿ ಬೆರಳ ತುದಿ ಇಡುತ್ತಾರೆ, ಅದೂ ಕಂಕುಳಿಂದ ನೇರ ಕೆಳಗಿಳಿಯುವ ಗೆರೆಯ ಆಸುಪಾಸು. ಪಕ್ಕೆಲುಬಿನ ನರದ ಕವಲು ಸ್ನಾಯು ತೂರಿ ಚರ್ಮಕ್ಕೆ ಬರುವ ಜಾಗ ಅದು. ಅಲ್ಲಿ ಚರ್ಮ ಮಡಿಚಿ ಹಿಂಡಿದರೆ ಬೆಚ್ಚಿಬೀಳುತ್ತಾರೆ. ಇನ್ನೊಂದು ಮಗ್ಗುಲಲ್ಲಿ ಹಿಂಡಿದರೆ ಏನೂ ಇಲ್ಲ. ಸ್ಪಿರಿಟ್ ಹತ್ತಿಯ ತಣ್ಣನೆಯೂ ಎರಡೂ ಕಡೆ ಒಂದೇ ಥರ ತಾಕುವುದಿಲ್ಲ. ಜ್ವರ, ಮೂತ್ರದಲ್ಲಿ ರಕ್ತ, ಸರ್ಪಸುತ್ತಿನ ಗುಳ್ಳೆ ಇದ್ದರೆ ಲಿಗ್ನೋಕೇನ್ (ಚುಚ್ಚಿದ ಜಾಗವನ್ನು ಮರಗಟ್ಟಿಸುವ ಮದ್ದು) ಸೂಜಿಯ ಮಾತೇ ಇಲ್ಲ, ಮೊದಲು ಅದರ ತನಿಖೆ.

ನೋಯದ ಮಗ್ಗುಲಿಗೆ ಮಲಗಿಸಿ, ಆ ಬಿಂದುವನ್ನು ಪೆನ್ನಿನಿಂದ ಗುರುತಿಸುತ್ತೇನೆ. 1% ಲಿಗ್ನೋಕೇನ್ 5ರಿಂದ 10 ಮಿ.ಲೀ., 25 ಗೇಜ್‌ನ ತೆಳು ಸೂಜಿ. 2% ಮಾತ್ರ ಇದ್ದರೆ ಅಷ್ಟೇ ಸಲೈನ್ ಬೆರೆಸಿದರಾಯಿತು. ಅಡ್ರಿನಲಿನ್ (ಮದ್ದು ರಕ್ತಕ್ಕೆ ಸೇರುವುದನ್ನು ನಿಧಾನಿಸುವಂಥದ್ದು) ಬೆರೆಸದ ಲಿಗ್ನೋಕೇನಿಗೆ ಮಿತಿ ಕೆ.ಜಿ.ಗೆ 4.5 ಮಿ.ಗ್ರಾಂ, 50 ಕೆ.ಜಿ. ತೂಕದವರಿಗೆ 225. 1%ರ 10 ಮಿ.ಲೀ.ಯಲ್ಲಿರುವುದು 100 ಮಿ.ಗ್ರಾಂ. ಆದರೂ ಪಕ್ಕೆಲುಬಿನ ಸಂದಿಯಿಂದ ಮದ್ದು ಬೇಗ ರಕ್ತಕ್ಕೆ ಏರುತ್ತದೆ. ಹಾಗಾಗಿ ಪ್ರತಿ ಸಲ ಸಿರಿಂಜಿನ ದಂಡವನ್ನು ಹಿಂದಕ್ಕೆಳೆದು ರಕ್ತ ಬರುತ್ತಿಲ್ಲವೆಂದು ನೋಡಿ, ಮಿ.ಲೀ. ಮಿ.ಲೀ. ಆಗಿ ಬಿಡುತ್ತೇನೆ. ತುಟಿ ಜುಮ್ಮೆಂದರೆ, ಕಿವಿ ಗುಂಯ್‌ಗುಟ್ಟಿದರೆ ಮದ್ದು ರಕ್ತದಲ್ಲಿ ಹೆಚ್ಚಾದ ಸೂಚನೆ, ಅಲ್ಲಿಗೇ ನಿಲ್ಲಿಸಬೇಕು. ಮದ್ದು ನಂಜಾದರೆ ರಕ್ತನಾಳಕ್ಕೆ ಕೊಡುವ 20% ಲಿಪಿಡ್ ಎಮಲ್ಷನ್ (ಕೊಬ್ಬಿನ ದ್ರಾವಣ) ಕೈಗೆಟುಕುವಂತಿರಲಿ.

ಸೂಜಿ ಸರಿಯಾದ ಜಾಗ ಮುಟ್ಟಿದಾಗ ರೋಗಿಯೇ "ಅದೇ, ಅದೇ ನೋವು" ಎನ್ನುವುದುಂಟು. ದಪ್ಪ ಮೈಯವರಲ್ಲಿ ಮದ್ದು ಕೊಬ್ಬಿನಲ್ಲೇ ಉಳಿದು, ನರದ ನೋವಲ್ಲ ಎಂಬ ತಪ್ಪು ತೀರ್ಮಾನವಾಗುತ್ತದೆ. ತೆಳು ಮೈಯವರಲ್ಲಿ ಉಲ್ಟಾ, ಸ್ವಲ್ಪ ಆಳ ಹೋದರೂ ಶ್ವಾಸಕೋಶಕ್ಕೆ ಚುಚ್ಚುವ ಭಯ. ಇಬ್ಬರಲ್ಲೂ ಅಲ್ಟ್ರಾಸೌಂಡ್ ನೋಡುತ್ತಲೇ ಹಾಕುವುದು ಒಳ್ಳೆಯದು. ಮನೆಗೆ ಹೋದ ಮೇಲೆ ಉಸಿರು ಕಟ್ಟಿದರೆ ಕೂಡಲೇ ಬರಲು ಹೇಳಿರಬೇಕು. ಮದ್ದು ಜಾಸ್ತಿ ಹಾಕಿದರೆ ಹೆಚ್ಚು ಗುಣ ಅನ್ನುವ ಲೆಕ್ಕ ಇಲ್ಲಿ ನಡೆಯದು: ಸುತ್ತಲಿನದೆಲ್ಲ ಮರಗಟ್ಟಿ, ನೋವಿನ ಮೂಲ ಯಾವುದೆಂದೇ ತಿಳಿಯುವುದಿಲ್ಲ.

15-20 ನಿಮಿಷ ಬಿಟ್ಟು ಮತ್ತೆ ಹಿಂಡಿ ನೋಡುತ್ತೇನೆ. ನೋವು ಅರ್ಧಕ್ಕಿಂತ ಇಳಿದಿದ್ದರೆ ನರದ್ದೇ ಎನ್ನಲು ಬಲ ಬಂತು. ಮದ್ದು ಇಳಿದ ಮೇಲೆ ನೋವು ಮರಳಬಹುದು, ಒಂದೆರಡು ದಿನ ಹೆಚ್ಚೂ ಆಗಬಹುದು. ಇದನ್ನು ಮೊದಲೇ ಹೇಳದಿದ್ದರೆ ರೋಗಿ ಎರಡನೇ ಸೂಜಿಗೆ ಬರುವುದೇ ಇಲ್ಲ. ಕೆಲವರಿಗೆ ಮದ್ದಿನ ಅವಧಿ ಮುಗಿದು ವಾರಗಳಾದರೂ ನೆಮ್ಮದಿ ಉಳಿಯುತ್ತದೆ. ಸೂಜಿಯಿಂದ ಸೂಜಿಗೆ ಆ ನೆಮ್ಮದಿ ಉದ್ದವಾಗುತ್ತಿದ್ದರೆ ಮುಂದುವರಿಸುತ್ತೇನೆ. ಪ್ರತಿ ಸಲವೂ ಒಂದೆರಡು ಗಂಟೆಯಷ್ಟೇ ಆದರೆ ಪಲ್ಸ್ಡ್ ರೇಡಿಯೋಫ್ರೀಕ್ವೆನ್ಸಿ (ಸೂಜಿಯ ಮೂಲಕ ನರಕ್ಕೆ ಬಿಟ್ಟು ಬಿಟ್ಟು ವಿದ್ಯುತ್ ತರಂಗ ಕೊಡುವುದು), ಅದಕ್ಕೂ ಬಗ್ಗದಿದ್ದರೆ ಆ ಕವಲನ್ನೇ ಕತ್ತರಿಸುವ ಶಸ್ತ್ರಚಿಕಿತ್ಸೆ.