ಮೊದಲ 200 ಕಿ.ಮೀ. ಸೈಕಲ್ ಸವಾರಿ: ತುಮಕೂರಿನಲ್ಲೇ ತಯಾರಾಗುವುದು ಹೇಗೆ?

ಭಾನುವಾರ ಬೆಳಗ್ಗೆ ಕ್ಯಾತ್ಸಂದ್ರದವರೆಗೆ ಸೈಕಲ್ ತುಳಿದು, ತಟ್ಟೆ ಇಡ್ಲಿ ತಿಂದು ವಾಪಸ್ ಬರುವವರಲ್ಲಿ ಕೆಲವರಿಗೆ ಯಾವಾಗಲೋ ಬಿಆರ್‌ಎಂ (ಬ್ರೆವೆ ದೆ ರಾಂಡೊನ್ಯೂರ್ ಮೊಂಡಿಯೊ ಎಂಬ ದೂರದ ಸವಾರಿ) ಹುಚ್ಚು ಹತ್ತುತ್ತದೆ. 200 ಕಿ.ಮೀ. ದೂರವನ್ನು 13 ಗಂಟೆ 30 ನಿಮಿಷದೊಳಗೆ ಮುಗಿಸುವ ಸವಾರಿ ಇದು. ಮೊದಲು ಬಂದವರಿಗೆ ಕಪ್ ಕೊಡುವುದಿಲ್ಲ, ಕೊನೆಗೆ ಬಂದವರನ್ನು ಯಾರೂ ಆಡಿಕೊಳ್ಳುವುದಿಲ್ಲ. ಹಿಂದೆ ಮನೆಯವರ ಕಾರು ಬರುವಂತಿಲ್ಲ. ಪಂಕ್ಚರ್ ಆದರೆ ನೀವೇ ಹಾಕಿಕೊಳ್ಳಬೇಕು, ದಾರಿ ತಪ್ಪಿದರೆ ನೀವೇ ಹುಡುಕಿಕೊಳ್ಳಬೇಕು.

ಇದರ ನಿಯಮಗಳು ಪ್ಯಾರಿಸ್‌ನ ಆಡಾಕ್ಸ್ ಕ್ಲಬ್‌ನವು. ತಮ್ಮ ತಮ್ಮ ವೇಗದಲ್ಲಿ ತುಳಿಯುವ ಈ ಪದ್ಧತಿಯನ್ನು ಅವರು 1921ರಲ್ಲಿ ಶುರು ಮಾಡಿದರು. ನಮ್ಮಲ್ಲಿ ಆಡಾಕ್ಸ್ ಇಂಡಿಯಾ ರಾಂಡೊನ್ಯೂರ್ಸ್ ವೆಬ್‌ಸೈಟಿನಲ್ಲಿ ವರ್ಷದ ಸವಾರಿಗಳ ಪಟ್ಟಿ ಇರುತ್ತದೆ. ತುಮಕೂರಿನವರಿಗೆ ಬೆಂಗಳೂರಿನ ಕ್ಲಬ್‌ಗಳು ಹತ್ತಿರ. ಎರಡೂವರೆ ಮೂರು ತಿಂಗಳು ಮುಂದಿನ ಒಂದು ದಿನಾಂಕ ನೋಡಿಕೊಂಡು ತಯಾರಿ ಶುರು ಮಾಡಿ.

ಮೊದಲು ಲೆಕ್ಕ

ಗಂಟೆಗೆ 20 ಕಿ.ಮೀ. ತುಳಿದರೆ 200 ಕಿ.ಮೀ.ಗೆ ಹತ್ತು ಗಂಟೆ. ಉಳಿಯುವುದು ಮೂರೂವರೆ ಗಂಟೆ. ಟೀ, ತಿಂಡಿ, ಪಂಕ್ಚರ್, ಸೆಲ್ಫಿ, ಮರದ ನೆರಳಿನ ಹರಟೆ ಎಲ್ಲಾ ಅದರಲ್ಲೇ ಆಗಬೇಕು. ವೇಗವನ್ನು 22ಕ್ಕೆ ಏರಿಸಿದರೆ ಉಳಿತಾಯ ಸುಮಾರು 55 ನಿಮಿಷ. ಆ ಎರಡು ಕಿ.ಮೀ. ಹೆಚ್ಚಿಸಿಕೊಳ್ಳಲು ತಿಂಗಳುಗಟ್ಟಲೆ ಬೆವರು ಸುರಿಸಬೇಕು. ಅದೇ 55 ನಿಮಿಷವನ್ನು ಹೋಟೆಲ್‌ನಲ್ಲಿ ಒಂದು ಊಟಕ್ಕೆ ಕೂತು ಆರಾಮಾಗಿ ಕಳೆದುಬಿಡಬಹುದು. ಹಾಗಾಗಿ ಮೊದಲ ಸವಾರಿಗೆ ತಯಾರಾಗುವವರು ವೇಗದ ಹಿಂದೆ ಬೀಳಬೇಕಿಲ್ಲ. ನಿಲ್ಲುವುದನ್ನು ಕಡಿಮೆ ಮಾಡುವ ಅಭ್ಯಾಸ ಸಾಕು. ಮುಂದೆ ಹೇಳುವುದೆಲ್ಲಾ ಹೆಚ್ಚೂಕಡಿಮೆ ಇದಕ್ಕೇ ಸೇರಿದ್ದು.

ಸೈಕಲ್ ಮತ್ತು ಸೀಟು

ಒಂದು ಲಕ್ಷದ ಸೈಕಲ್ ಬೇಡ. ಗೇರ್ ಇರುವ ಹೈಬ್ರಿಡ್ ಸೈಕಲ್‌ನಲ್ಲೂ 200 ಮುಗಿಸಬಹುದು. ದುಡ್ಡು ಹಾಕುವುದಿದ್ದರೆ ಒಳ್ಳೆ ಟಯರ್‌ಗೆ ಹಾಕಿ. ನಮ್ಮ ರಸ್ತೆಗಳಿಗೆ 28 ಅಥವಾ 32 ಎಂ.ಎಂ. ಟಯರ್ ಹದವಾಗಿರುತ್ತದೆ. ಗಾಳಿಯನ್ನು ಕಲ್ಲಿನಂತೆ ತುಂಬಬೇಡಿ. 70 ಕೆ.ಜಿ. ತೂಕದವರಿಗೆ 28ರ ಟಯರ್‌ನಲ್ಲಿ 70–80 ಪಿಎಸ್‌ಐ ಧಾರಾಳವಾಯಿತು. 32ರಲ್ಲಿ ಇನ್ನೂ ಕಡಿಮೆ.

ಸೀಟಿನ ಎತ್ತರಕ್ಕೆ ಸುಲಭದ ಪರೀಕ್ಷೆ ಇದೆ. ಗೋಡೆ ಹಿಡಿದು ಸೀಟಿನ ಮೇಲೆ ಕೂತು, ಪೆಡಲ್ ಪೂರ್ತಿ ಕೆಳಗಿರುವಾಗ ಹಿಮ್ಮಡಿಯನ್ನು ಅದರ ಮೇಲಿಡಿ. ಕಾಲು ನೆಟ್ಟಗಾಗಬೇಕು. ಆಮೇಲೆ ಪಾದದ ಮುಂಭಾಗದಿಂದ ತುಳಿದಾಗ ಮಂಡಿ ತುಸು ಬಾಗುತ್ತದೆ, ಅಷ್ಟು ಸಾಕು. ಸೀಟು ತಗ್ಗಾದರೆ ಮಂಡಿ ಚಿಪ್ಪಿನ ಮುಂದೆ ನೋವು ಬರುತ್ತದೆ, ಜಾಸ್ತಿ ಎತ್ತರವಾದರೆ ಮಂಡಿಯ ಹಿಂದೆ. ಇನ್ನೊಂದು ವಿಷಯ ಅಂಗಡಿಯವರು ನಾಚಿಕೆಗೆ ಹೇಳುವುದಿಲ್ಲ: ಪ್ಯಾಡ್ ಇರುವ ಸೈಕ್ಲಿಂಗ್ ಚಡ್ಡಿಯ ಒಳಗೆ ಬೇರೆ ಚಡ್ಡಿ ಹಾಕಬಾರದು. ಅದರ ಹೊಲಿಗೆ ಉಜ್ಜಿ ಉಜ್ಜಿಯೇ ಚರ್ಮ ಕಿತ್ತುಬರುತ್ತದೆ.

ಹತ್ತು ವಾರ, ನಾಲ್ಕು ದಾರಿ

ಈಗಾಗಲೇ 30–40 ಕಿ.ಮೀ. ತುಳಿಯುವವರಿಗೆ ಹತ್ತು ವಾರ ಸಾಕು. ವಾರದ ಮಧ್ಯೆ ಎರಡು ದಿನ ಒಂದೊಂದು ಗಂಟೆ, ಭಾನುವಾರ ಒಂದು ಉದ್ದದ ಸವಾರಿ. ಪಕ್ಕದವರ ಜೊತೆ ಮಾತಾಡುತ್ತಾ ತುಳಿಯುವಷ್ಟೇ ಜೋರು. ಏದುಸಿರು ಬಂದರೆ ನಿಧಾನ ಮಾಡಿ.

ಉದ್ದದ ಸವಾರಿಗೆ ನಮ್ಮೂರಿನ ಸುತ್ತಲೇ ಬೇಕಾದಷ್ಟು ದಾರಿಗಳಿವೆ. ಬಿ.ಎಚ್. ರಸ್ತೆ ಹಿಡಿದು ಗುಬ್ಬಿಗೆ ಹೋಗಿ ಬಂದರೆ ಸುಮಾರು 40 ಕಿ.ಮೀ. ಕೊರಟಗೆರೆ ಮೇಲೆ ಮಧುಗಿರಿಗೆ ಹೋಗಿ ಬಂದರೆ 85ರ ಆಸುಪಾಸು. ಶಿರಾ ಮುಟ್ಟಿ ಬಂದರೆ ನೂರು, ತಿಪಟೂರಾದರೆ ನೂರೈವತ್ತರ ಹತ್ತಿರ. ಇದೇ ಕ್ರಮದಲ್ಲಿ ಏರಿಸುತ್ತಾ ಹೋಗಿ. ಪ್ರತಿ ನಾಲ್ಕನೇ ವಾರ ಅರ್ಧಕ್ಕೆ ಇಳಿಸಿ. ತಿಪಟೂರು ಸವಾರಿ ಬಿಆರ್‌ಎಂಗೆ ಎರಡು ವಾರ ಮೊದಲೇ ಮುಗಿದಿರಲಿ. 150 ತುಳಿದವರಿಗೆ 200 ಆಗುತ್ತದೆ, ಅದನ್ನು ಮನೆಯಲ್ಲೇ ಪರೀಕ್ಷಿಸಿ ನೋಡಬೇಕಿಲ್ಲ. ಶಿರಾ ದಾರಿಯಲ್ಲಿ ಲಾರಿಗಳು ಜಾಸ್ತಿ. ಸರ್ವಿಸ್ ರಸ್ತೆ ಇರುವ ಕಡೆ ಅದನ್ನೇ ಹಿಡಿಯಿರಿ.

ಗಾಳಿಯ ದಿಕ್ಕು ನೋಡಿಕೊಂಡು ದಾರಿ ಆರಿಸಿ. ಆಷಾಢದ ಗಾಳಿ ಪಶ್ಚಿಮದಿಂದ ಬೀಸುತ್ತದೆ. ಆಗ ತಿಪಟೂರಿಗೆ ಹೋಗುವಾಗ ಎದುರುಗಾಳಿ, ಸುಸ್ತಾಗಿ ಮರಳುವಾಗ ಬೆನ್ನಿಗೆ ಗಾಳಿ. ಚಳಿಗಾಲದ ಮೂಡಣ ಗಾಳಿಯಲ್ಲಿ ಇದು ತಿರುಗಿಬೀಳುತ್ತದೆ. ಹೋಗುವಾಗ ಹಾರಿದಂತೆ ಹೋಗಿ, ಬರುವಾಗ ಗುಬ್ಬಿ ದಾಟುವಷ್ಟರಲ್ಲಿ ಜೀವ ಹೋಗುತ್ತದೆ.

ಏರು ರಸ್ತೆಗೆ ದೇವರಾಯನದುರ್ಗ ಇದ್ದೇ ಇದೆಯಲ್ಲ. ಎರಡು ವಾರಕ್ಕೊಮ್ಮೆ ಹತ್ತಿದರೆ ಸಾಕು. ಏರು ಶುರುವಾಗುವ ಮೊದಲೇ ಸಣ್ಣ ಗೇರ್‌ಗೆ ಬನ್ನಿ. ತಿರುವಿನಲ್ಲಿ ಒತ್ತಿ ತುಳಿಯುತ್ತಾ ಗೇರ್ ಬದಲಿಸಿದರೆ ಚೈನ್ ಜಾರುತ್ತದೆ. ಹಿಂದಿನ ದೊಡ್ಡ ಹಲ್ಲಿನ ಚಕ್ರ 32 ಅಥವಾ 34 ಹಲ್ಲಿನದಿದ್ದರೆ ಮಂಡಿ ಉಳಿಯುತ್ತದೆ. ಬೆಳಕು ಹರಿಯುವ ಮೊದಲು ನಾಮದ ಚಿಲುಮೆ ಕಡೆಯ ಕಾಡು ದಾರಿಗೆ ಒಬ್ಬರೇ ಹೋಗಬೇಡಿ, ಚಿರತೆ ಕರಡಿ ಓಡಾಡುವ ಜಾಗ. ಮೇಲೆ ಹೋದ ಮೇಲೆ ಕೋತಿಗಳ ಕಾಟ. ಬಾಳೆಹಣ್ಣು ಜೇಬಿನಿಂದ ಇಣುಕಿದರೆ ಅದು ನಿಮ್ಮದಲ್ಲ.

ಜಾಲಿ ಮುಳ್ಳು

ನಮ್ಮ ಜಿಲ್ಲೆಯಲ್ಲಿ, ಅದರಲ್ಲೂ ಶಿರಾ, ಮಧುಗಿರಿ, ಪಾವಗಡದ ಕಡೆ, ಪಂಕ್ಚರ್ ಎಂದರೆ ಹೆಚ್ಚಾಗಿ ಜಾಲಿ ಮುಳ್ಳು. ರಸ್ತೆ ಬದಿಯ ಜಾಲಿ ಕಡಿದು ಎಳೆದುಕೊಂಡು ಹೋದ ಮೇಲೆ ಡಾಂಬರಿನ ಅಂಚಿನಲ್ಲಿ ಒಣ ಮುಳ್ಳು ಉಳಿದಿರುತ್ತದೆ. ಹೊಸಬರು ಟ್ಯೂಬ್ ಬದಲಿಸಿ, ಗಾಳಿ ತುಂಬಿ, ಎರಡು ಕಿ.ಮೀ. ಹೋಗುವಷ್ಟರಲ್ಲಿ ಮತ್ತೆ ಕೆಳಗಿಳಿದಿರುತ್ತಾರೆ. ಮುಳ್ಳು ಟಯರ್‌ನಲ್ಲೇ ಉಳಿದಿರುವುದು ಇದಕ್ಕೆ ಕಾರಣ.

ಹೀಗೆ ಮಾಡಿ. ಟಯರ್ ಹಾಕುವಾಗಲೇ ಕಂಪನಿಯ ಹೆಸರು ವಾಲ್ವ್ ಪಕ್ಕಕ್ಕೆ ಬರುವಂತೆ ಕೂರಿಸಿರಿ. ಪಂಕ್ಚರ್ ಆದಾಗ ಟ್ಯೂಬ್ ತೆಗೆದು ಗಾಳಿ ಹೊಡೆದು, ಕೆನ್ನೆ ಹತ್ತಿರ ಹಿಡಿದು ತಿರುಗಿಸಿ. ಸಣ್ಣ ಗಾಳಿ ತಾಗಿದ ಜಾಗವೇ ತೂತು. ಅದು ವಾಲ್ವ್‌ನಿಂದ ಎಷ್ಟು ಗೇಣು ದೂರ ಎಂದು ಅಳೆದು, ಟಯರ್‌ನಲ್ಲಿ ಹೆಸರಿನಿಂದ ಅಷ್ಟೇ ದೂರ ಎರಡೂ ಕಡೆ ಹುಡುಕಿ. ಹೊರಗಿನಿಂದ ಮುಳ್ಳು ಬರೀ ಕಂದು ಚುಕ್ಕೆ, ಕಲ್ಲಿನ ಪುಡಿ ಅನ್ನಿಸುತ್ತದೆ. ಒಳಗಿನಿಂದ ಬೆರಳನ್ನು ನಿಧಾನವಾಗಿ ಆಡಿಸಿದರೆ ತುದಿ ಚುಚ್ಚುತ್ತದೆ. ಒಳಗಿನಿಂದ ಟಯರ್ ಲಿವರ್‌ನಲ್ಲಿ ಒತ್ತಿ ಹೊರಗೆ ತಳ್ಳಿ. ಬೆರಳಿಗೆ ಸಿಗದಿದ್ದರೆ ಕರವಸ್ತ್ರ ಸವರಿ, ನೂಲು ಸಿಕ್ಕಿಕೊಳ್ಳುತ್ತದೆ. ಒಂದು ಮುಳ್ಳು ಸಿಕ್ಕಿತು ಎಂದು ನಿಲ್ಲಿಸದೆ ಟಯರ್ ಪೂರ್ತಿ ಒಂದು ಸುತ್ತು ಸವರಿ. ಹೊಸ ಟ್ಯೂಬ್‌ಗೆ ಮೊದಲೇ ಚೂರು ಗಾಳಿ ತುಂಬಿ, ದುಂಡಗಾದ ಮೇಲೆ ಒಳಗಿಡಿ. ಟಯರ್‌ನ ಅಂಚಿಗೆ ಸಿಕ್ಕಿಕೊಂಡಿಲ್ಲ ಎಂದು ಎರಡೂ ಬದಿ ನೋಡಿ, ಆಮೇಲೆ ಪಂಪ್ ಹಿಡಿಯಿರಿ.

ಮನೆಯಲ್ಲಿ, ಟಿವಿ ಮುಂದೆ ಕೂತು, ಇದನ್ನು ಹದಿನೈದು ನಿಮಿಷಕ್ಕೆ ಇಳಿಯುವವರೆಗೆ ಅಭ್ಯಾಸ ಮಾಡಿ. ಎರಡು ಟ್ಯೂಬ್, ಪ್ಯಾಚ್, ಲಿವರ್, ಪಂಪ್ ಜೊತೆಗೆ ಇನ್ನೊಂದು ಸಣ್ಣ ಸಾಮಾನು ಇಟ್ಟುಕೊಳ್ಳಿ. ರೋಡ್ ಸೈಕಲ್‌ಗಳಲ್ಲಿ ಸಪೂರದ ಪ್ರೆಸ್ಟಾ ವಾಲ್ವ್ ಇರುತ್ತದೆ. ಊರಿನ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಪೈಪು ಅದಕ್ಕೆ ಹಿಡಿಯುವುದಿಲ್ಲ. ಉಗುರಿನಷ್ಟು ದೊಡ್ಡ ಹಿತ್ತಾಳೆಯ ಅಡಾಪ್ಟರ್ ತಿರುಗಿಸಿ ಹಾಕಿದರೆ ಬೈಕಿಗೆ ಗಾಳಿ ಹೊಡೆಯುವವರೇ ನಿಮ್ಮದಕ್ಕೂ ಹೊಡೆದುಕೊಡುತ್ತಾರೆ.

ತಿನ್ನುವುದು, ಕುಡಿಯುವುದು

ಹಸಿವಾದ ಮೇಲೆ ತಿಂದರೆ ತಡವಾಯಿತು ಎಂದೇ ಅರ್ಥ. ಹೊರಟು ಮುಕ್ಕಾಲು ಗಂಟೆಗೆ ಶುರು ಮಾಡಿ. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ಒಂದು ಪಚ್ಚಬಾಳೆ ಮತ್ತು ಒಂದು ಕಡ್ಲೆ ಮಿಠಾಯಿ, ಇಲ್ಲವೇ ನಾಲ್ಕೈದು ಖರ್ಜೂರ ತಿಂದರೆ ಅದಕ್ಕೆ ಸರಿಹೋಗುತ್ತದೆ. ಮುದ್ದೆ ಊಟ ಹಿಂದಿನ ರಾತ್ರಿಗಿರಲಿ, ದಾರಿ ಮಧ್ಯೆ ಬೇಡ. ಇಡ್ಲಿ, ಮೊಸರನ್ನ ಆಗಬಹುದು, ಕೂತರೆ ಇಪ್ಪತ್ತೇ ನಿಮಿಷ.

ನೀರು ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್. ತಿಪಟೂರು ಸೀಮೆಯಲ್ಲಿ ಎಳನೀರಿಗೇನು ಬರ? ಆದರೆ ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ. ಬರೀ ನೀರು, ಎಳನೀರು ಹೊಟ್ಟೆ ತುಂಬಾ ಕುಡಿಯುತ್ತಾ ಹೋದರೆ ರಕ್ತದಲ್ಲಿ ಉಪ್ಪಿನಂಶ ಇಳಿದು ತಲೆನೋವು, ವಾಕರಿಕೆ ಬರುತ್ತದೆ. ಅದಕ್ಕೇ ಒಂದು ಬಾಟಲಿಯಲ್ಲಿ ಓಆರ್‌ಎಸ್ ಇರಲಿ. ದೊಡ್ಡ ಪೊಟ್ಟಣ ಒಂದು ಲೀಟರ್ ನೀರಿಗೆ. ಅರ್ಧ ಲೀಟರ್ ಬಾಟಲಿಗೆ ಪೂರ್ತಿ ಸುರಿಯಬೇಡಿ. ಬಿ.ಪಿ., ಸಕ್ಕರೆ ಕಾಯಿಲೆ ಇರುವವರು ಮೊದಲು ಡಾಕ್ಟರನ್ನು ಕೇಳಿ.

ಆ ದಿನ

ಹೊರಡುವಾಗ ಒಂದು ಕಾರ್ಡ್ ಕೊಡುತ್ತಾರೆ. ದಾರಿಯ ಕಂಟ್ರೋಲ್‌ಗಳಲ್ಲಿ, ಅಂದರೆ ತಪಾಸಣೆಯ ಜಾಗಗಳಲ್ಲಿ, ಅದಕ್ಕೆ ಸಹಿ ಅಥವಾ ಮುದ್ರೆ ಬೀಳಬೇಕು. ಕೆಲವು ಕಡೆ ಅಂಗಡಿ ರಸೀದಿಯೋ ಎಟಿಎಂ ಚೀಟಿಯೋ ಸಾಕ್ಷಿಯಾಗುತ್ತದೆ. ಪ್ರತಿ ಕಂಟ್ರೋಲ್‌ಗೂ ಮುಚ್ಚುವ ಸಮಯ ಇದೆ. ಬೆಳಗ್ಗೆ 6ಕ್ಕೆ ಹೊರಟರೆ ನೂರನೇ ಕಿ.ಮೀ.ಯದು 12.40ಕ್ಕೆ ಮುಚ್ಚುತ್ತದೆ. ಎಲ್ಲಾ ಮುಚ್ಚುವ ಸಮಯಗಳನ್ನು ಒಂದು ಚೀಟಿಯಲ್ಲಿ ಬರೆದು ಹ್ಯಾಂಡಲ್‌ಗೆ ಟೇಪ್ ಹಾಕಿ ಅಂಟಿಸಿಕೊಳ್ಳಿ, ಮೊಬೈಲ್ ತೆಗೆಯುವುದು ತಪ್ಪುತ್ತದೆ. ಮೊದಲ ಐವತ್ತು ಕಿ.ಮೀ. ಎಲ್ಲರೂ ಓಡಿಸುತ್ತಾರೆ. ಬಿಡಿ, ಅವರಲ್ಲಿ ಅರ್ಧ ಜನ ಮಧ್ಯಾಹ್ನ ನಿಮಗೆ ಟೀ ಅಂಗಡಿಯಲ್ಲಿ ಸಿಗುತ್ತಾರೆ. ಕತ್ತಲಾದರೆ ಹಿಂದೆ ಮುಂದೆ ಲೈಟು, ಮೈಮೇಲೆ ಹೊಳೆಯುವ ಜಾಕೆಟ್ ಕಡ್ಡಾಯ. ಹೆಲ್ಮೆಟ್ ಹೇಗಿದ್ದರೂ ಇರಬೇಕು.

ಆಗುವುದಿಲ್ಲ ಅನ್ನಿಸಿದರೆ ಬಿಟ್ಟುಬಿಡಿ. ತಲೆ ಸುತ್ತಿದರೆ, ಬೆವರು ನಿಂತುಹೋದರೆ, ಮಂಡಿ ಒಂದೇ ಸಮನೆ ಚುಚ್ಚಿದರೆ ಯೋಚನೆ ಮಾಡುತ್ತಾ ಕೂರಬೇಡಿ. ಆದರೆ ಸುಮ್ನೆ ಬಸ್ ಹತ್ತಿ ಮನೆಗೆ ಹೋಗಬೇಡಿ. ಕಾರ್ಡ್‌ನಲ್ಲಿರುವ ಆಯೋಜಕರ ನಂಬರ್‌ಗೆ ಒಂದು ಫೋನ್ ಮಾಡಿ. ಇಲ್ಲದಿದ್ದರೆ ನೀವು ಮನೆಯಲ್ಲಿ ನಿದ್ದೆ ಮಾಡುತ್ತಿರುತ್ತೀರಿ, ಅವರು ಹೆದ್ದಾರಿಯಲ್ಲಿ ನಿಮ್ಮನ್ನು ಹುಡುಕುತ್ತಿರುತ್ತಾರೆ.